ರಿವಾಲ್ವರ್ ಕೊಳ್ಳುವಾಗ ಮೊದಲು ಕೈ ನೋಡಿ, ಗುಂಡು ಆಮೇಲೆ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ರಿವಾಲ್ವರ್ ಆಯ್ಕೆಯ ಬಗ್ಗೆ ಬಂದ ಲೇಖನ ಓದಿದೆ. ದಿನವೂ ಮೈಮೇಲೆ ಇಟ್ಟುಕೊಳ್ಳಲೂ ಆಗಬೇಕು, ಬೆಟ್ಟ ಕಾಡು ಸುತ್ತುವಾಗಲೂ ಕೆಲಸಕ್ಕೆ ಬರಬೇಕು, ಅಂಥ ಒಂದೇ ರಿವಾಲ್ವರ್ ಯಾವುದು ಎನ್ನುವುದು ಅದರ ಪ್ರಶ್ನೆ. ಪ್ರಶ್ನೆ ಚೆನ್ನಾಗಿದೆ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಕೇಳುವುದೂ ಇದನ್ನೇ. ನಾನು ಕೋವಿ ರಿಪೇರಿ ಮಾಡುವವನು. ಶಸ್ತ್ರಾಗಾರವೊಂದರಲ್ಲಿ ಆರ್ಮರರ್ ಆಗಿದ್ದು ನಿವೃತ್ತನಾದೆ. ಈಗಲೂ ರಿವಾಲ್ವರ್ ಬಿಚ್ಚಿ ಜೋಡಿಸುವುದೇ ಕೆಲಸ. ಬಿಡುವಿದ್ದಾಗ ಶೂಟಿಂಗ್ ರೇಂಜಿನಲ್ಲಿ ಹೊಸಬರ ಪಕ್ಕ ನಿಂತು ಕಲಿಸುತ್ತೇನೆ. ಆ ಲೇಖನ ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಎಲ್ಲಕ್ಕಿಂತ ಮೊದಲು, ಅದರಲ್ಲಿ ಒಂದು ತಪ್ಪಿದೆ. ದಯವಿಟ್ಟು ತಿದ್ದುಪಡಿ ಹಾಕಿ. .38 ಸ್ಪೆಷಲ್ ಮತ್ತು .357 ಮ್ಯಾಗ್ನಮ್ ಎರಡೂ ಒಂದೇ ಅಳತೆಯ ತೋಟಾ, ಯಾವ ರಿವಾಲ್ವರಿಗೆ ಯಾವುದನ್ನು ಬೇಕಾದರೂ ಹಾಕಬಹುದು ಎಂದು ಬರೆದಿದ್ದಾರೆ. ಇದರಲ್ಲಿ ಅರ್ಧ ಮಾತ್ರ ನಿಜ. ಗುಂಡಿನ ದಪ್ಪ ಎರಡರಲ್ಲೂ ಒಂದೇ ಹೌದು. ಆದರೆ 1935ರಲ್ಲಿ ಬಂದ .357 ಮ್ಯಾಗ್ನಮ್‌ನ ಹಾರಿಸಿದಾಗ ಒಳಗೆ ಏಳುವ ಒತ್ತಡ ಹಳೆಯ .38 ಸ್ಪೆಷಲ್‌ನ ಎರಡರಷ್ಟು. ಹಳೆ ರಿವಾಲ್ವರಿಗೆ ಇದನ್ನು ಯಾರೂ ತುರುಕಬಾರದು ಎಂದೇ ಮದ್ದು, ಗುಂಡು ಹಿಡಿದಿಡುವ ಲೋಹದ ಚಿಪ್ಪನ್ನು ಇಂಚಿನ ಎಂಟನೇ ಒಂದು ಭಾಗಕ್ಕಿಂತ ಚೂರು ಜಾಸ್ತಿ ಉದ್ದ ಮಾಡಿದರು. .357ರ ರಿವಾಲ್ವರಿನಲ್ಲಿ .38 ಸ್ಪೆಷಲ್ ಧಾರಾಳವಾಗಿ ಹಾಕಬಹುದು. .38ರ ರಿವಾಲ್ವರಿನಲ್ಲಿ .357 ಹಾಕಬಾರದು. ಸಾಮಾನ್ಯವಾಗಿ ಅದು ಪೂರ್ತಿ ಒಳಗೆ ಹೋಗುವುದೂ ಇಲ್ಲ. ಆದರೆ ತೀರಾ ಹಳೆಯ ಕೆಲವು .38ಗಳ ಚೇಂಬರನ್ನು, ಅಂದರೆ ತಿರುಗುವ ಸಿಲಿಂಡರಿನಲ್ಲಿ ತೋಟಾ ಕೂರುವ ಮನೆಯನ್ನು, ಒಳಗೆ ಮೆಟ್ಟಿಲಿಲ್ಲದೆ ಆಚೆಯಿಂದ ಈಚೆಗೆ ನೇರ ಕೊರೆದಿರುತ್ತಾರೆ. ಅಂಥದರಲ್ಲಿ ಉದ್ದದ ತೋಟಾವೂ ಸಲೀಸಾಗಿ ಕೂತುಬಿಡುತ್ತದೆ. ಅಜ್ಜನ ಕಾಲದ ಕೋವಿ ಇಟ್ಟುಕೊಂಡಿರುವ ಯಾರಾದರೂ ನಿಮ್ಮ ಲೇಖನ ನಂಬಿ ಹಾಗೆ ಮಾಡಿದರೆ ಸಿಲಿಂಡರ್ ಕೈಯಲ್ಲೇ ಸಿಡಿಯಬಹುದು. ಏನು ಹಾಕಬೇಕು ಎನ್ನುವುದನ್ನು ನಳಿಗೆಯ ಮೇಲೆ ಕೊರೆದಿರುತ್ತಾರೆ. ಓದುಗರು ಅದನ್ನು ನಂಬಲಿ.

ಇನ್ನು ಲೇಖನದ ಮುಖ್ಯ ಮಾತಿಗೆ ಬರುತ್ತೇನೆ. ಆದಷ್ಟು ಚಿಕ್ಕ, ಆದಷ್ಟು ಹಗುರ ರಿವಾಲ್ವರ್ ತೆಗೆದುಕೊಳ್ಳಿ, ಅದರಲ್ಲಿ ಆದಷ್ಟು ಜೋರಿನ ತೋಟಾ ಹಾಕಿ, ಆಗ ಜೇಬಿಗೂ ಆಯಿತು ಕಾಡಿಗೂ ಆಯಿತು ಎನ್ನುವುದು ಅವರ ಸಲಹೆ. ಕಾಗದದ ಮೇಲೆ ಇದು ಚೆನ್ನಾಗಿ ಕಾಣುತ್ತದೆ. ಗುಂಡು ಹಾರಿಸಿ ನೋಡಿದವರಿಗೆ ಮಾತ್ರ ಇದರ ಕಷ್ಟ ಗೊತ್ತು.

ಲೆಕ್ಕ ಸರಳ. ತೋಟಾ ಅದೇ ಇದ್ದು ಕೋವಿಯ ತೂಕ ಅರ್ಧಕ್ಕೆ ಇಳಿದರೆ ಕೈಗೆ ಬರುವ ಒದೆತದ ಶಕ್ತಿ ಎರಡರಷ್ಟಾಗುತ್ತದೆ. ಅಂಗೈಯಗಲದ ರಿವಾಲ್ವರುಗಳಲ್ಲಿ ಸ್ಮಿತ್ ಅಂಡ್ ವೆಸನ್ 642 ಬಹಳ ಜನ ಬಲ್ಲದ್ದು. ಅಲ್ಯೂಮಿನಿಯಂ ಬಾಡಿ, ಐದು ತೋಟಾ, .38 ಸ್ಪೆಷಲ್, ತೂಕ ಸುಮಾರು 415 ಗ್ರಾಂ. ಅದೇ ಕಂಪನಿಯ 340ಪಿಡಿ ಸ್ಕ್ಯಾಂಡಿಯಂ ಬೆರೆಸಿದ ಲೋಹದ್ದು, ಸಿಲಿಂಡರ್ ಟೈಟೇನಿಯಂ, ತೂಕ 350 ಗ್ರಾಂ ಕೂಡ ಮುಟ್ಟುವುದಿಲ್ಲ. ಅದಕ್ಕೆ .357 ಮ್ಯಾಗ್ನಮ್ ಹಾಕಬಹುದು. ಇನ್ನೊಂದು ಕಡೆ ರೂಗರ್ ಜಿಪಿ100, ನಾಲ್ಕಿಂಚಿನ ನಳಿಗೆ, ಪೂರ್ತಿ ಉಕ್ಕು, ಒಂದು ಕಿಲೋ ದಾಟಿ ನೂರಿಪ್ಪತ್ತು ಗ್ರಾಂ ಚಿಲ್ಲರೆ. ಇದರಲ್ಲಿ .357 ಹಾರಿಸಿದರೆ ಗಟ್ಟಿಯಾಗಿ ತಳ್ಳುತ್ತದೆ, ಅಷ್ಟೆ. ಅದೇ ತೋಟಾವನ್ನು 340ಪಿಡಿಯಲ್ಲಿ ಹಾರಿಸಿದರೆ ಹೆಬ್ಬೆರಳಿನ ಬುಡಕ್ಕೆ ಯಾರೋ ಮರದ ಸುತ್ತಿಗೆಯಲ್ಲಿ ಹೊಡೆದ ಹಾಗೆ. ಅನುಭವಸ್ಥರೂ ಒಂದು ಸುತ್ತು ಮುಗಿಸಿ ಕೈ ಕೊಡವುತ್ತಾರೆ. ಎರಡನೇ ಸುತ್ತು ತುಂಬಲು ಮನಸ್ಸೇ ಬರುವುದಿಲ್ಲ. ಹಾರಿಸಲು ಮನಸ್ಸಿಲ್ಲದ ಕೋವಿಯಲ್ಲಿ ಅಭ್ಯಾಸ ಎಲ್ಲಿಂದ ಬರಬೇಕು? ಅಭ್ಯಾಸ ಇಲ್ಲದ ಕೋವಿ ಸೊಂಟದಲ್ಲಿದ್ದು ಏನು ಪ್ರಯೋಜನ?

ತೀರಾ ಹಗುರ ಕೋವಿಗೆ ಇನ್ನೊಂದು ಕಾಯಿಲೆ ಇದೆ. ಲೇಖನದಲ್ಲಿ ಇದರ ಸುದ್ದಿಯೇ ಇಲ್ಲ. ಒಂದು ತೋಟಾ ಹಾರಿದಾಗ ಕೋವಿ ಸರಕ್ಕನೆ ಹಿಂದಕ್ಕೆ ಜಗ್ಗುತ್ತದೆ. ಸಿಲಿಂಡರಿನಲ್ಲಿ ಉಳಿದ ತೋಟಾಗಳ ಚಿಪ್ಪು ಅದರ ಜೊತೆ ಹಿಂದೆ ಹೋಗುತ್ತದೆ, ಆದರೆ ಒಳಗಿನ ಭಾರದ ಗುಂಡು ಇದ್ದಲ್ಲೇ ನಿಲ್ಲಲು ನೋಡುತ್ತದೆ. ಚಿಪ್ಪಿನ ಬಾಯಿ ಬಿಗಿಯಾಗಿ ಕಚ್ಚಿಕೊಂಡಿಲ್ಲದಿದ್ದರೆ ಗುಂಡು ಚೂರು ಚೂರೇ ಹೊರಗೆ ಬರುತ್ತದೆ. ಮೂರನೆಯದೋ ನಾಲ್ಕನೆಯದೋ ಹಾರಿಸುವ ಹೊತ್ತಿಗೆ ಅದರ ಮೂತಿ ಸಿಲಿಂಡರಿನಿಂದ ಆಚೆ ಇಣುಕಿ ಚೌಕಟ್ಟಿಗೆ ತಾಗುತ್ತದೆ. ಸಿಲಿಂಡರ್ ತಿರುಗುವುದೇ ಇಲ್ಲ. ಹೀಗೆ ಸಿಕ್ಕಿಕೊಂಡ ರಿವಾಲ್ವರನ್ನು ಮೇಜಿನ ಮೇಲೆ ಇಟ್ಟುಕೊಂಡು, ತೋಟಾ ತುಂಬಿದೆ ಎನ್ನುವ ಎಚ್ಚರದಲ್ಲೇ ಬಿಡಿಸುವುದು ಎಂಥ ಕೆಲಸ ಅಂತ ನನಗೆ ಗೊತ್ತು. ಹಗುರ ರಿವಾಲ್ವರ್ ಇಟ್ಟುಕೊಂಡವರು ರೇಂಜಿನಲ್ಲಿ ಒಂದು ಪರೀಕ್ಷೆ ಮಾಡಲಿ. ಎಲ್ಲ ತೋಟಾ ಹಾರಿಸಿ ಒಂದನ್ನು ಉಳಿಸಿ, ಅದನ್ನು ತೆಗೆದು ಡಬ್ಬಿಯ ಹೊಸ ತೋಟಾದ ಪಕ್ಕ ನಿಲ್ಲಿಸಿ ನೋಡಿ. ಉದ್ದ ಜಾಸ್ತಿಯಾಗಿದ್ದರೆ ಆ ತೋಟಾ ಆ ಕೋವಿಗೆ ಆಗುವುದಿಲ್ಲ. ಇನ್ನೊಂದು ಮಾತು. 340ಪಿಡಿಯ ನಳಿಗೆಯ ಮೇಲೆ 120 ಗ್ರೇನಿಗಿಂತ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಹಗುರ ಗುಂಡು ಬೇಡ ಎಂದು ಕೊರೆದೇ ಇರುತ್ತಾರೆ. ಅದನ್ನು ಓದದೇ ಸಿಕ್ಕಿದ್ದನ್ನು ತುಂಬುವವರೇ ಜಾಸ್ತಿ.

ನನ್ನ ಅಕ್ಕನ ವಿಷಯ ಹೇಳಿದರೆ ಇದೆಲ್ಲ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಅವಳಿಗೆ ಬೆರಳಿನ ಗಂಟುಗಳಲ್ಲಿ ವಾತ. ಒಬ್ಬಳೇ ಇರುತ್ತಾಳೆ. ಬೆಳಿಗ್ಗೆ ದೂರ ನಡೆಯುವ ಅಭ್ಯಾಸ ಬೇರೆ. ಪರವಾನಗಿ ಸಿಕ್ಕ ಮೇಲೆ ಅಂಗಡಿಯೊಂದರಲ್ಲಿ ಅವಳಿಗೆ ಕೊಟ್ಟ ಸಲಹೆ ನಿಮ್ಮ ಲೇಖನದ್ದೇ. ಹೆಂಗಸರ ಕೈ ಚಿಕ್ಕದು, ಹಾಗಾಗಿ ಚಿಕ್ಕ ರಿವಾಲ್ವರ್. ರೇಂಜಿನಲ್ಲಿ ಅವಳ ಪಕ್ಕ ನಿಂತೆ. ಟ್ರಿಗರ್ ಮೇಲೆ ತೋರುಬೆರಳು ಇಟ್ಟಳು. ಎಳೆದಳು. ಅದು ಅರ್ಧಕ್ಕೆ ಬಂದು ನಿಂತಿತು. ಬೆರಳು ಬೆಳ್ಳಗಾಯಿತು, ನಳಿಗೆಯ ತುದಿ ಎಡಕ್ಕೆ ವಾಲಿತು. ಕೊನೆಗೆ ಎಡಗೈ ತೋರುಬೆರಳನ್ನೂ ಅದರ ಮೇಲೆ ಒತ್ತಿ ಹಾರಿಸಿದಳು. ಗುಂಡು ಗುರಿಹಲಗೆಯ ಅಂಚಿಗೂ ತಾಗಲಿಲ್ಲ. "ಇದು ನನ್ನದಲ್ಲ ಬಿಡು" ಎಂದು ಕೆಳಗಿಟ್ಟಳು.

ಅವಳ ಕೈಯಲ್ಲಿ ಏನೂ ತಪ್ಪಿರಲಿಲ್ಲ. ಡಬಲ್ ಆಕ್ಷನ್ ರಿವಾಲ್ವರಿನ ಟ್ರಿಗರ್ ಎಳೆದಾಗ ಬೆರಳು ಎರಡು ಕೆಲಸ ಮಾಡುತ್ತದೆ. ಸಿಲಿಂಡರನ್ನು ಒಂದು ಮನೆ ಮುಂದಕ್ಕೆ ತಿರುಗಿಸಬೇಕು, ಸ್ಪ್ರಿಂಗನ್ನು ಅದುಮಿ, ತೋಟಾದ ಬುಡಕ್ಕೆ ಪೆಟ್ಟು ಕೊಡುವ ಹ್ಯಾಮರನ್ನು ಹಿಂದಕ್ಕೆ ಎತ್ತಿ ಬಿಡಬೇಕು. ಚಿಕ್ಕ ರಿವಾಲ್ವರುಗಳಲ್ಲಿ ಇದಕ್ಕೆ ಐದು ಕಿಲೋ ಆಸುಪಾಸಿನ ಎಳೆತ ಬೇಕು. ಕೋವಿಯ ತೂಕವೇ ಅರ್ಧ ಕಿಲೋಗಿಂತ ಕಡಿಮೆ! ತನ್ನ ಹತ್ತು ಪಟ್ಟು ಬಲದಲ್ಲಿ ಎಳೆದರೆ ಅದು ಅಲ್ಲಾಡದೇ ಇರುತ್ತದೆಯೇ? ಭಾರದ ಕೋವಿ ಆ ಎಳೆತಕ್ಕೂ ಕೂತಲ್ಲೇ ಕೂತಿರುತ್ತದೆ. ಹಿಡಿಯ ಅಳತೆಯೂ ಅಷ್ಟೇ ಮುಖ್ಯ. ಚಿಕ್ಕ ಕೈಗೆ ಚಿಕ್ಕ ಹಿಡಿ ಸರಿ ಎನ್ನುವುದು ಪೂರ್ತಿ ಸರಿಯಲ್ಲ. ಹಿಡಿ ತೀರಾ ಚಿಕ್ಕದಾದರೆ ಕಿರುಬೆರಳಿಗೆ ಜಾಗವೇ ಇರುವುದಿಲ್ಲ, ಬಿಗಿ ಹಿಡಿತ ಸಿಗುವುದಿಲ್ಲ. ಕೋವಿ ಖಾಲಿ ಇದೆ ಎಂದು ಸಿಲಿಂಡರ್ ತೆರೆದು ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ ಖಾತ್ರಿ ಮಾಡಿಕೊಳ್ಳಿ. ಆಮೇಲೆ ನಳಿಗೆ ಮುಂದೋಳಿನ ನೇರಕ್ಕೆ ಬರುವ ಹಾಗೆ ಹಿಡಿಯಿರಿ. ತೋರುಬೆರಳಿನ ಮೊದಲ ಗೆಣ್ಣು ಟ್ರಿಗರ್ ಮೇಲೆ ಆರಾಮಾಗಿ ಕೂರಬೇಕು. ಅಲ್ಲಿಗೆ ಮುಟ್ಟಿಸಲು ಕೈಯನ್ನು ಹಿಡಿಯ ಸುತ್ತ ತಿರುಚಬೇಕಾಗಿ ಬಂದರೆ ಆ ಹಿಡಿ ನಿಮ್ಮದಲ್ಲ. ಬೇರೆ ಹಿಡಿ ಹಾಕಿಸಬಹುದು, ಅದು ಸುಲಭದ ಕೆಲಸ.

ಅಕ್ಕನಿಗೆ ಕೊನೆಗೆ ಒಪ್ಪಿದ್ದು .32ರ ಆರು ತೋಟಾದ ಉಕ್ಕಿನ ರಿವಾಲ್ವರ್. .32 ಸ್ಮಿತ್ ಅಂಡ್ ವೆಸನ್ ಲಾಂಗ್ 1896ರಿಂದ ಇರುವ ತೋಟಾ. ಮೆತ್ತಗೆ ಒದೆಯುತ್ತದೆ, ಗುರಿ ಬಹಳ ನಿಖರ. ಅದರ ಬಲ ಕಡಿಮೆ, ನಿಜ. ಆದರೆ ಅವಳು ಈಗ ಆರಕ್ಕೆ ಆರನ್ನೂ ಎದೆಯಳತೆಯ ಹಲಗೆಯ ನಡುವೆ ಇಡುತ್ತಾಳೆ, ನಿಧಾನವಾಗಿ, ಉಸಿರು ಹಿಡಿಯದೆ. ಕೈಗೆ ಬಲ ಕಡಿಮೆ ಇರುವವರು .327 ಫೆಡರಲ್ ಮ್ಯಾಗ್ನಮ್ ರಿವಾಲ್ವರನ್ನೂ ನೋಡಲಿ. ಅದರಲ್ಲಿ .32 ಲಾಂಗ್ ಕೂಡ ಹಾಕಬಹುದು. ಅಭ್ಯಾಸಕ್ಕೆ ಮೆತ್ತನೆಯದು, ಬೇಕಾದಾಗ ಬಿರುಸಿನದು. .38ರ ಐದು ತೋಟಾ ಹಿಡಿಯುವ ಸಿಲಿಂಡರಿನಲ್ಲಿ ಇದರ ಆರು ಹಿಡಿಯುತ್ತವೆ.

ಟ್ರಿಗರ್ ಗಟ್ಟಿ ಎಂದು ಸ್ಪ್ರಿಂಗ್ ಕತ್ತರಿಸಿ ಹಗುರ ಮಾಡಿಕೊಡಿ ಎಂದು ಕೇಳಿಕೊಂಡು ಬರುವವರಿದ್ದಾರೆ. ನಾನು ಮಾಡುವುದಿಲ್ಲ. ಹ್ಯಾಮರಿನ ಸ್ಪ್ರಿಂಗ್ ಸೋತರೆ ತೋಟಾದ ಬುಡಕ್ಕೆ ಬೀಳುವ ಪೆಟ್ಟೂ ಸೋಲುತ್ತದೆ. ರೇಂಜಿನಲ್ಲಿ ಹತ್ತು ಸಲ ಹಾರಿದ್ದು ಹನ್ನೊಂದನೇ ಸಲ ಬರೀ ಟಕ್ ಎನ್ನುತ್ತದೆ. ಒಳಗಿನ ಉಜ್ಜುವ ಮೈಗಳನ್ನು ನಯಮಾಡಿದರೆ ಎಳೆತ ಮೆತ್ತಗಾಗುತ್ತದೆ. ಅದು ಅನುಭವ ಇರುವವರು ಮಾಡಬೇಕಾದ ಕೆಲಸ. ಇಲ್ಲವೇ ಮೊದಲೇ ನಯವಾಗಿ ಬರುವ ಕೋವಿ ಆರಿಸಿಕೊಳ್ಳಿ. 2009ರಲ್ಲಿ ಬಂದ ರೂಗರ್ ಎಲ್‌ಸಿಆರ್ ಹಗುರದ್ದೇ ಆದರೂ ಒಳಗೆ ಉಜ್ಜಾಟ ಕಡಿಮೆ ಮಾಡುವ ಕ್ಯಾಮ್ ಇದೆ, ಟ್ರಿಗರ್ ಎಳೆತ ಸಮನಾಗಿ ಬರುತ್ತದೆ. ಖಾಲಿ ಕೋವಿಯಲ್ಲಿ, ಮದ್ದಿಲ್ಲದ ಡಮ್ಮಿ ತೋಟಾ ಹಾಕಿಕೊಂಡು, ದಿನಾ ಸ್ವಲ್ಪ ಹೊತ್ತು ಟ್ರಿಗರ್ ಎಳೆದರೆ ಬೆರಳಿಗೂ ಬಲ ಬರುತ್ತದೆ. ಸಣ್ಣ .22 ತೋಟಾದ ಕೋವಿಯಲ್ಲಿ ಮಾತ್ರ ಹಾಗೆ ಬರಿದಾಗಿ ಹೊಡೆಯಬೇಡಿ. ಅದರ ಪಿನ್ನು ತೋಟಾದ ಅಂಚಿಗೆ ಹೊಡೆಯುವಂಥದ್ದು, ತೋಟಾ ಇಲ್ಲದಿದ್ದರೆ ಕೆಲವು ಕೋವಿಗಳಲ್ಲಿ ಚೇಂಬರಿನ ಅಂಚನ್ನೇ ಕುಟ್ಟುತ್ತದೆ.

ಹಾಗಾದರೆ ಎರಡೂ ಕೆಲಸಕ್ಕೆ ಒಂದೇ ಬೇಕು ಎನ್ನುವವರಿಗೆ ನನ್ನ ಉತ್ತರ ಏನು? ಮೂರಿಂಚಿನ ನಳಿಗೆ, ಪೂರ್ತಿ ಸ್ಟೇನ್‌ಲೆಸ್ ಉಕ್ಕು, .357ರ ಚೇಂಬರ್, ತೂಕ 700 ಗ್ರಾಂನಿಂದ ಒಂದು ಕಿಲೋ ಒಳಗೆ. ಅದರಲ್ಲಿ ದಿನಬಳಕೆಗೆ .38 ಸ್ಪೆಷಲ್. ರೂಗರ್ ಎಸ್‌ಪಿ101 ಈ ಜಾತಿಯದು, ಐದು ತೋಟಾ. ಆರು ತೋಟಾ ಬೇಕಾದರೆ ಒಂದು ಅಳತೆ ದೊಡ್ಡದಕ್ಕೆ ಹೋಗಿ. ಕಂಪನಿ ಯಾವುದಾದರೂ ಇರಲಿ. ಗಟ್ಟಿ ಮೈ, ಮಧ್ಯಮ ತೂಕ, ಮೂರಿಂಚು, ಇಷ್ಟಿದ್ದರೆ ಸಾಕು.

ಮೂರಿಂಚು ಯಾಕೆ ಅಂತ ಕೇಳುತ್ತಾರೆ. ಎರಡಿಂಚಿಗಿಂತ ಗುರಿ ನೋಡುವ ಹಿಂದಿನ ಮುಂದಿನ ಗುರುತುಗಳ ನಡುವೆ ದೂರ ಜಾಸ್ತಿ, ಗುಂಡಿಗೆ ವೇಗ ಜಾಸ್ತಿ, ಇದೆಲ್ಲ ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡ ಕಾರಣ ನಳಿಗೆಯ ಕೆಳಗಿನ, ಖಾಲಿ ಚಿಪ್ಪು ಹೊರದೂಡುವ ಎಜೆಕ್ಟರ್ ಕಡ್ಡಿ. ನಳಿಗೆ ಎಷ್ಟು ಉದ್ದವೋ ಅದಕ್ಕೆ ತಕ್ಕಷ್ಟೇ ಈ ಕಡ್ಡಿಗೆ ಜಾಗ. ಎರಡಿಂಚಿನಲ್ಲಿ ಕಡ್ಡಿ ಗಿಡ್ಡ. ಪೂರ್ತಿ ಒತ್ತಿದರೂ ಖಾಲಿ ಚಿಪ್ಪು ಮುಕ್ಕಾಲು ಭಾಗ ಮಾತ್ರ ಹೊರಗೆ ಬಂದು ನಿಲ್ಲುತ್ತದೆ. ಮೆಲ್ಲಗೆ ಒತ್ತಿದರಂತೂ ಒಂದು ಚಿಪ್ಪು, ಚಿಪ್ಪುಗಳನ್ನು ಎತ್ತುವ ನಕ್ಷತ್ರದಂಥ ಎಕ್ಸ್‌ಟ್ರಾಕ್ಟರಿನ ಅಡಿಗೆ ಜಾರಿ ಕೂರುತ್ತದೆ. ಆಗ ಹೊಸ ತೋಟಾ ಹಾಕಲೂ ಆಗದು, ಸಿಲಿಂಡರ್ ಮುಚ್ಚಲೂ ಆಗದು. ಉಗುರಿನಲ್ಲಿ ಕೆದಕುತ್ತಾ ಕೂರಬೇಕು. ಮೂರಿಂಚಿನಲ್ಲಿ ಕಡ್ಡಿ ಪೂರ್ತಿ ಉದ್ದ ಬರುತ್ತದೆ. ನಳಿಗೆಯನ್ನು ಆಕಾಶಕ್ಕೆ ನೆಟ್ಟಗೆ ಮಾಡಿ ಅಂಗೈಯಲ್ಲಿ ಒಮ್ಮೆ ಜೋರಾಗಿ ಕುಟ್ಟಿದರೆ ಐದೂ ಚಿಪ್ಪು ಒಟ್ಟಿಗೆ ನೆಲಕ್ಕೆ ಬೀಳುತ್ತವೆ. ಗಿಡ್ಡ ಕಡ್ಡಿ ಇರುವವರೂ ಹೀಗೆಯೇ ಮಾಡಲಿ, ಆದರೆ ಇನ್ನೂ ಜೋರಾಗಿ. ಮಲಗಿಸಿಕೊಂಡು ಒತ್ತಬೇಡಿ. ಮಲಗಿಸಿದರೆ ಸುಡದ ಮದ್ದಿನ ಪುಡಿ ಎಕ್ಸ್‌ಟ್ರಾಕ್ಟರಿನ ಅಡಿಗೆ ಹೋಗುತ್ತದೆ. ಮೂರು ನಾಲ್ಕು ಕಾಳು ಹೋದರೂ ಸಾಕು, ಅದು ಎದ್ದು ನಿಂತು ಸಿಲಿಂಡರ್ ಬಿಗಿಯುತ್ತದೆ. "ಸಾರ್, ರಿವಾಲ್ವರ್ ತಿರುಗುತ್ತಿಲ್ಲ" ಎಂದು ನನ್ನ ಬಳಿ ಬರುವುದರಲ್ಲಿ ಎಷ್ಟೋ ಕೋವಿಗಳ ಕಾಯಿಲೆ ಇದೇ. ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ಆ ಜಾಗ ಗುಡಿಸಿದರೆ ಮುಗಿಯಿತು. ಅಲ್ಲಿಗೆ ಎಣ್ಣೆ ಸುರಿಯಬಾರದು, ಎಣ್ಣೆ ಪುಡಿಯನ್ನು ಹಿಡಿದಿಡುತ್ತದೆ.

ದಿನವೂ ಮೈಮೇಲೆ ಇಡುವ ಕೋವಿಯ ಶತ್ರು ಬೆವರು. ಕಾಡಿಗೆ ಒಯ್ಯುವ ಕೋವಿಯ ಶತ್ರು ಮಳೆ, ಮಣ್ಣು. ಅದಕ್ಕೇ ಸ್ಟೇನ್‌ಲೆಸ್ ಎಂದೆ. 1965ರಲ್ಲಿ ಸ್ಮಿತ್ ಅಂಡ್ ವೆಸನ್ ಮಾಡೆಲ್ 60 ಬರುವ ತನಕ ಸ್ಟೇನ್‌ಲೆಸ್ ರಿವಾಲ್ವರ್ ಮಾಮೂಲಿ ಮಾರಾಟಕ್ಕೆ ಇರಲಿಲ್ಲ. ಅದಕ್ಕೆ ಮುಂಚೆ ಒರೆಸಿ ಎಣ್ಣೆ ಹಚ್ಚುವುದೇ ದಿನದ ಪಾಡು. ಆದರೆ ಸ್ಟೇನ್‌ಲೆಸ್ ತುಕ್ಕು ಹಿಡಿಯುವುದೇ ಇಲ್ಲ ಎಂದು ತಿಳಿಯಬೇಡಿ. ನಿಧಾನ ಅಷ್ಟೆ. ಹಿಡಿ ಬಿಚ್ಚಿದರೆ ಅದರ ಅಡಿಯಲ್ಲಿ, ಸ್ಪ್ರಿಂಗಿನ ಮೇಲೆ, ಕಂದು ಬಣ್ಣ ಕಾಣುತ್ತದೆ. ಬೆವರಿನ ಉಪ್ಪು ಅಲ್ಲಿಗೇ ಇಳಿದಿರುತ್ತದೆ. ರಾತ್ರಿ ಕೋವಿಯನ್ನು ಅದನ್ನಿಡುವ ಚರ್ಮದ ಹೋಲ್‌ಸ್ಟರಿನಲ್ಲೇ ಬಿಟ್ಟು ಬೀರುವಿನಲ್ಲಿ ಇಡಬೇಡಿ. ಚರ್ಮ ತೇವ ಕುಡಿದು ಕೂತಿರುತ್ತದೆ.

ಕಾಡಿನ ವಿಷಯದಲ್ಲಿ ನನಗೆ ಲೇಖನದ ಮೇಲೆ ಇನ್ನೂ ಒಂದು ಬೇಸರ ಇದೆ. ರಿವಾಲ್ವರ್ ಕೈಯಲ್ಲಿದ್ದರೆ ಪ್ರಾಣಿಗಳ ಭಯವಿಲ್ಲ ಎನ್ನುವ ಧಾಟಿಯಲ್ಲಿ ಬರೆದಿದ್ದಾರೆ. ಹಾಗೆ ಹೇಳಬಾರದು. ಆನೆಯಂಥ ಪ್ರಾಣಿಯ ಮುಂದೆ ಮೂರಿಂಚಿನ ರಿವಾಲ್ವರ್ ಲೆಕ್ಕಕ್ಕೇ ಇಲ್ಲ. ದೂರದಿಂದಲೇ ನೋಡಿ ದಾರಿ ಬಿಡುವುದು ಒಂದೇ ಉಪಾಯ. ಕರಡಿಯ ಬಗ್ಗೆ ಅಲಾಸ್ಕಾದಲ್ಲಿ ಥಾಮಸ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಸಂಗಡಿಗರು ವರ್ಷಗಟ್ಟಲೆಯ ಘಟನೆಗಳನ್ನು ಕೂಡಿಸಿ ನೋಡಿದ್ದಾರೆ. 2008ರಲ್ಲಿ ಖಾರದ ಸ್ಪ್ರೇ ಬಗ್ಗೆ, 2012ರಲ್ಲಿ ಕೋವಿಯ ಬಗ್ಗೆ ಅವರ ಅಧ್ಯಯನ ಬಂತು. ಸ್ಪ್ರೇ ಹೊಡೆದಾಗ ಕಂದು ಕರಡಿ 100ರಲ್ಲಿ 92 ಸಲ ತನ್ನ ಆಟ ನಿಲ್ಲಿಸಿತ್ತು. ಕೋವಿ ಇದ್ದವರಲ್ಲಿ ಹಾರಿಸಿದವರಿಗೂ ಹಾರಿಸದವರಿಗೂ ಗಾಯದ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಯಾಕೆ ಎನ್ನುವುದು ರೇಂಜಿನಲ್ಲಿ ನಿಂತವರಿಗೆ ಗೊತ್ತಾಗುತ್ತದೆ. ಓಡಿ ಬರುವ ಪ್ರಾಣಿಯ ತಲೆ ಮೇಲೆ ಕೆಳಗೆ ಆಡುತ್ತಿರುತ್ತದೆ, ನಿಮಗೆ ಸಿಗುವುದು ಒಂದೆರಡು ಸೆಕೆಂಡ್. ಕರಡಿ ಇರುವ ಕಡೆ ಹೋಗುವವರು ಸ್ಪ್ರೇಯನ್ನು ಮುಂದಿಟ್ಟುಕೊಳ್ಳಲಿ. ರಿವಾಲ್ವರ್ ಏನಿದ್ದರೂ ಬೇರೆ ಎಲ್ಲಾ ದಾರಿ ಮುಚ್ಚಿದ ಮೇಲಿನ ಮಾತು. ಹಾವಿಗಂತೂ ಕೋವಿ ಬೇಡವೇ ಬೇಡ. ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ, ಅದು ಹೋಗುತ್ತದೆ. ಕಲ್ಲಿನ ಮೇಲೆ ಹೊಡೆದ ಗುಂಡು ಎಲ್ಲಿಗೆ ಚಿಮ್ಮುತ್ತದೆ ಎಂದು ಯಾರೂ ಹೇಳಲಾರರು.

ಇಟ್ಟುಕೊಳ್ಳುವ ರೀತಿಯೂ ಎರಡು ಕಡೆ ಬೇರೆ ಬೇರೆ. ಊರಿನಲ್ಲಿ ಬಟ್ಟೆಯ ಅಡಿ, ಸೊಂಟದಲ್ಲಿ. ಹ್ಯಾಮರ್ ಹೊರಗೆ ಚಾಚಿಕೊಂಡಿದ್ದರೆ ತೆಗೆಯುವಾಗ ಬಟ್ಟೆಗೆ ಸಿಕ್ಕುತ್ತದೆ. ಅದಕ್ಕೇ ಹ್ಯಾಮರ್ ಒಳಗೇ ಮುಚ್ಚಿರುವ ಮಾದರಿಗಳು ಜನಪ್ರಿಯ. ಆದರೆ ಅವುಗಳಲ್ಲಿ ಹ್ಯಾಮರನ್ನು ಹಿಂದಕ್ಕೆ ಎಳೆದು ಮೆತ್ತನೆ ಟ್ರಿಗರಿನಲ್ಲಿ ಹಾರಿಸುವ ಸೌಕರ್ಯ ಇರುವುದಿಲ್ಲ. ಕಾಡಿಗೂ ಬೇಕು ಎನ್ನುವವರಿಗೆ ನಾನು ಹೊರಗಿನ ಹ್ಯಾಮರೇ ಇರಲಿ ಎನ್ನುತ್ತೇನೆ. ಬೆನ್ನುಚೀಲ ಹೊತ್ತರೆ ಅದರ ಪಟ್ಟಿ ಸೊಂಟದ ಜಾಗ ತಿಂದುಬಿಡುತ್ತದೆ. ಆಗ ಎದೆಯ ಮೇಲೆ ಕಟ್ಟುವ ಹೋಲ್‌ಸ್ಟರ್ ಒಳ್ಳೆಯದು, ಮೇಲೊಂದು ಪಟ್ಟಿ ಇರಬೇಕು. ಬಂಡೆ ಹತ್ತುವಾಗ, ಹಳ್ಳ ದಾಟುವಾಗ ಕೋವಿ ಜಾರಿ ಬೀಳಬಾರದು. ಎಲ್ಲಿ ಕಟ್ಟಿದರೂ ಹೋಲ್‌ಸ್ಟರ್ ಟ್ರಿಗರನ್ನು ಪೂರ್ತಿ ಮುಚ್ಚಬೇಕು, ಬಾಯಿ ಮುದುಡದಷ್ಟು ಗಟ್ಟಿ ಇರಬೇಕು. ಜೇಬಿನಲ್ಲಿ ಇಡುವವರು ಜೇಬಿನ ಹೋಲ್‌ಸ್ಟರ್ ಇಲ್ಲದೆ ಇಡಬೇಡಿ. ಆ ಜೇಬಿನಲ್ಲಿ ಕೀಲಿಕೈ, ಪೆನ್ನು, ಚಿಲ್ಲರೆ ಯಾವುದೂ ಇರಬಾರದು.

ಪ್ರತಿ ಸಲ ಹ್ಯಾಮರನ್ನು ಕೈಯಿಂದ ಎಳೆಯಬೇಕಾದ ಹಳೆ ಮಾದರಿಯ ಸಿಂಗಲ್ ಆಕ್ಷನ್ ಇಷ್ಟಪಟ್ಟು ಕಾಡಿಗೆ ಒಯ್ಯುವವರು ಇದ್ದಾರೆ. 1873ರ ಕೋಲ್ಟ್ ಮಾದರಿ ನೋಡಲು ಚೆಂದ, ಕೈಗೂ ಒಪ್ಪುತ್ತದೆ. ಆದರೆ ಅದರ ಹ್ಯಾಮರ್ ಇಳಿದಾಗ ಪಿನ್ನು ನೇರ ತೋಟಾದ ಮೇಲೆ ಕೂರುತ್ತದೆ. ಕೋವಿ ಬಂಡೆಯ ಮೇಲೆ ಬಿದ್ದು ಹ್ಯಾಮರಿಗೆ ಏಟಾದರೆ ಹಾರುತ್ತದೆ. ಅದಕ್ಕೇ ಅದು ಆರರ ಕೋವಿಯಾದರೂ ಐದೇ ತುಂಬಿ, ಹ್ಯಾಮರಿನ ಕೆಳಗೆ ಖಾಲಿ ಮನೆ ಬಿಡುವ ರೂಢಿ. 1973ರಿಂದ ರೂಗರ್ ತನ್ನ ಸಿಂಗಲ್ ಆಕ್ಷನ್‌ಗಳಿಗೆ ಟ್ರಾನ್ಸ್‌ಫರ್ ಬಾರ್ ಎನ್ನುವ ಪಟ್ಟಿ ಹಾಕಿತು. ಟ್ರಿಗರ್ ಎಳೆದರೆ ಮಾತ್ರ ಪಟ್ಟಿ ಮೇಲೆದ್ದು ಹ್ಯಾಮರಿನ ಪೆಟ್ಟನ್ನು ಪಿನ್ನಿಗೆ ಮುಟ್ಟಿಸುತ್ತದೆ. ನಿಮ್ಮದರಲ್ಲಿ ಅದು ಇದೆಯೋ ಇಲ್ಲವೋ ಗೊತ್ತಿಲ್ಲದಿದ್ದರೆ ಇಲ್ಲ ಎಂದೇ ತಿಳಿದು ಐದೇ ತುಂಬಿ.

ಕಿವಿಯ ಮಾತು ಲೇಖನದಲ್ಲಿ ಇಲ್ಲವೇ ಇಲ್ಲ. ಗಿಡ್ಡ ನಳಿಗೆಯ .357ರ ಸದ್ದು 150 ಡೆಸಿಬೆಲ್ ದಾಟುತ್ತದೆ. 140 ದಾಟಿದ ಒಂದೇ ಸದ್ದಿಗೂ ಕಿವಿ ಕೆಡಬಹುದು. ರೇಂಜಿನಲ್ಲಿ ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಇಲ್ಲದೆ ನಾನು ಯಾರಿಗೂ ತೋಟಾ ಕೊಡುವುದಿಲ್ಲ. ಹೊಸಬರಿಗೆ ಇನ್ನೊಂದು ಮಾತು. ಸಿಲಿಂಡರ್ ಮತ್ತು ನಳಿಗೆ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ. ಹಾರಿಸಿದಾಗ ಅಲ್ಲಿಂದ ಬೆಂಕಿಯ ಅನಿಲ ಚಿಮ್ಮುತ್ತದೆ. ಪಿಸ್ತೂಲ್ ಹಿಡಿದು ರೂಢಿಯಾದವರು ಎಡಗೈ ಹೆಬ್ಬೆರಳನ್ನು ಮುಂದಕ್ಕೆ ಚಾಚುತ್ತಾರೆ. ರಿವಾಲ್ವರಿನಲ್ಲಿ ಹಾಗೆ ಮಾಡಿದರೆ ಬೆರಳಿನ ಚರ್ಮ ಸೀಳುತ್ತದೆ. ಎಲ್ಲ ಬೆರಳೂ ಸಿಲಿಂಡರಿನ ಮುಂಭಾಗಕ್ಕಿಂತ ಹಿಂದೆ ಇರಬೇಕು.

ಪರವಾನಗಿಯ ಕಾನೂನು, ಹೊತ್ತು ತಿರುಗುವ ನಿಯಮ, ರಕ್ಷಿತ ಕಾಡಿನೊಳಗೆ ಒಯ್ಯುವ ನಿಯಮ ಜಾಗದಿಂದ ಜಾಗಕ್ಕೆ ಬೇರೆ. ಅದನ್ನು ತಿಳಿದುಕೊಳ್ಳದೆ ಅಂಗಡಿಯ ಬಾಗಿಲೂ ಹತ್ತಬೇಡಿ. ಮನೆಯಲ್ಲಿ ಬೀಗ ಹಾಕಿದ ಪೆಟ್ಟಿಗೆ ಇಲ್ಲದವರು ಮೊದಲು ಪೆಟ್ಟಿಗೆ ತೆಗೆದುಕೊಳ್ಳಿ, ಕೋವಿ ಆಮೇಲೆ. ಮಕ್ಕಳಿಗೆ ಸಿಗದ ಜಾಗ ಎಂದು ನಾವು ತಿಳಿದಿರುವ ಜಾಗವೆಲ್ಲ ಮಕ್ಕಳಿಗೆ ಗೊತ್ತಿರುತ್ತದೆ, ಅಲ್ವಾ?

ಕೊನೆಗೆ, ಹಳೆಯ ರಿವಾಲ್ವರ್ ಕೊಳ್ಳುವವರಿಗೆ. ಒಳ್ಳೆಯ ಉಕ್ಕಿನ ರಿವಾಲ್ವರ್ ಎರಡು ತಲೆಮಾರು ಬಾಳುತ್ತದೆ, ಹಾಗಾಗಿ ಹಳೆಯದಕ್ಕೆ ಹೆದರಬೇಕಿಲ್ಲ. ಆದರೆ ನೋಡಿ ಕೊಳ್ಳಿ. ಖಾಲಿ ಇರುವುದನ್ನು ಖಾತ್ರಿ ಮಾಡಿಕೊಂಡು, ಒಂದು ಬೆರಳಿನಿಂದ ಸಿಲಿಂಡರನ್ನು ಮೆಲ್ಲಗೆ ತಡೆಯುತ್ತಾ ಹ್ಯಾಮರನ್ನು ನಿಧಾನವಾಗಿ ಎಳೆಯಿರಿ. ಹ್ಯಾಮರ್ ಪೂರ್ತಿ ಹಿಂದಕ್ಕೆ ಬರುವುದರೊಳಗೆ ಸಿಲಿಂಡರ್ ತನ್ನ ಜಾಗದಲ್ಲಿ ಕಟಕ್ ಎಂದು ಕೂರಬೇಕು. ಎಲ್ಲ ಮನೆಗೂ ಹೀಗೆ ಮಾಡಿ. ಒಂದು ಮನೆ ಸೋಮಾರಿಯಾದರೂ ಗುಂಡು ನಳಿಗೆಯ ಬಾಯಿಗೆ ಓರೆಯಾಗಿ ಹೋಗುತ್ತದೆ, ಸೀಸದ ಚೂರು ಪಕ್ಕದವರ ಮುಖಕ್ಕೆ ಹಾರುತ್ತದೆ. ಆಮೇಲೆ ಟ್ರಿಗರ್ ಹಿಂದಕ್ಕೆ ಒತ್ತಿ ಹಿಡಿದು ಸಿಲಿಂಡರನ್ನು ಹಿಂದೆ ಮುಂದೆ ಜಗ್ಗಿ ನೋಡಿ. ಕಣ್ಣಿಗೆ ಕಾಣುವಷ್ಟು ಆಡಿದರೆ ಸವೆದಿದೆ. ಸಿಲಿಂಡರ್ ಮತ್ತು ನಳಿಗೆ ನಡುವಿನ ಸಂದಿಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ. ಇಂಚಿನ ಸಾವಿರದಲ್ಲಿ ನಾಲ್ಕರಿಂದ ಎಂಟು ಭಾಗ ಇದ್ದರೆ ಸರಿ. ಸಿಲಿಂಡರ್ ತೆರೆದು ನಳಿಗೆಯ ಹಿಂಬಾಯಿಗೆ ಟಾರ್ಚ್ ಬಿಡಿ, ವಿಶೇಷವಾಗಿ ಕೆಳಭಾಗದಲ್ಲಿ. ಹಗುರ ಗುಂಡಿನ ಬಿರುಸು .357 ತೋಟಾ ಜಾಸ್ತಿ ಹಾರಿಸಿದ ಸ್ಮಿತ್ ಅಂಡ್ ವೆಸನ್ ಮಾಡೆಲ್ 19ರಂಥ ಕೋವಿಗಳಲ್ಲಿ ಅಲ್ಲಿ ಬಿರುಕು ಬರುತ್ತದೆ. ನಳಿಗೆಯ ಒಳಗೆ ಉಂಗುರದಂಥ ನೆರಳು ಕಂಡರೆ ಹಿಂದೊಮ್ಮೆ ಗುಂಡು ಒಳಗೆ ಸಿಕ್ಕಿದ್ದಾಗ ಮತ್ತೊಂದು ಹಾರಿಸಿದ್ದಾರೆ ಎಂದು ಅರ್ಥ. ಇನ್ನು ಪಕ್ಕದ ತಟ್ಟೆಯ ಸ್ಕ್ರೂಗಳ ತಲೆ ನೋಡಿ. ಸೀಳು ಕಿತ್ತುಹೋಗಿದ್ದರೆ ಗೊತ್ತಿಲ್ಲದ ಯಾರೋ ಒಳಗೆ ಕೈ ಹಾಕಿದ್ದಾರೆ. ಅಂಥದನ್ನು ಮೇಜಿನ ಮೇಲೆ ಇಟ್ಟು ಬನ್ನಿ, ಎಷ್ಟು ಹೊಳೆಯುತ್ತಿದ್ದರೂ ಸರಿ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಆರ್ಮರರ್